ಫಕೀರವ್ವನೂ ಆ ಕಾಲದವಳೇ

ಹೋದ ತಿಂಗಳು ಬಾಗಲಕೋಟೆಯ ನವನಗರದಲ್ಲಿರುವ ತಂಗಿಯ ಮನೆಗೆ ಹೋಗಿದ್ದೆ. ಸೊಸೆಗೆ ತೋರಿಸಬೇಕೆಂದು ಅವಳು ಹಳೆಯ ಟ್ರಂಕಿನ ಮುಚ್ಚಳ ತೆಗೆದಳು. ಮೇಲೆ ಇಳಕಲ್ ಸೀರೆಗಳು, ಮಡಿಕೆಗಳ ಸಂದಿಯಲ್ಲಿ ಬಿಳಿಯ ಡಾಂಬರ ಗುಳಿಗೆಗಳು. ಆ ವಾಸನೆ ಮೂಗಿಗೆ ಬಂದೊಡನೆ ನನ್ನ ಮನಸ್ಸು ಸೀರೆಗಳನ್ನು ಬಿಟ್ಟು ಕೆಂಪು ಬಟ್ಟೆಯಲ್ಲಿ ಕಟ್ಟಿದ ಒಂದು ಕಾಗದದ ಗಂಟಿನ ಕಡೆಗೆ ಹೋಯಿತು. ನಿವೃತ್ತಿಗೆ ಮೂರು ವರ್ಷ ಮುಂಚೆ, ಒಂದು ಹಿಂಗಾರಿನ ಕಾಲದಲ್ಲಿ, ಇದೇ ವಾಸನೆಯ ಆ ಗಂಟು ನಾಲ್ಕು ತಿಂಗಳು ನನ್ನ ಬಾಡಿಗೆ ಕೋಣೆಯಲ್ಲಿತ್ತು.

ನಾನಾಗ ಹುನಗುಂದದಲ್ಲಿ ಕೋಣೆ ಮಾಡಿಕೊಂಡು, ಅಲ್ಲಿಂದ ಬಸ್ಸಿನಲ್ಲಿ ಅರ್ಧ ತಾಸು ದೂರದ ಒಂದು ಹಳ್ಳಿಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತಿದ್ದೆ. ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಜನರ ಹೆಸರುಗಳನ್ನೂ ಬದಲಿಸಿದ್ದೇನೆ. ಆ ಮನೆತನದವರು ಈಗಲೂ ಅಲ್ಲೇ ಇದ್ದಾರೆ, ನನಗೆ ಯಾವ ಕೇಡನ್ನೂ ಮಾಡಿದವರಲ್ಲ. ಶಾಲೆಗೆ ಆ ವರ್ಷ ನೂರು ತುಂಬುವುದಿತ್ತು. ಅದನ್ನು ಕಟ್ಟಿಸಿದವರು ಊರಿನ ಅಪ್ಪಾಸಾಹೇಬ ದೇಸಾಯರು. ಹೆಣ್ಣುಮಕ್ಕಳಿಗೆ ಓದು ಯಾತಕ್ಕೆ ಎನ್ನುತ್ತಿದ್ದ ದಿನಗಳಲ್ಲಿ ತಮ್ಮ ಮಗಳನ್ನೇ ಮೊದಲು ಕೂಡಿಸಿ ಶಾಲೆ ತೆರೆದವರು. ಬರ ಬಿದ್ದಾಗ ನೆಲದಡಿಯ ಹಗೇವು ತೆಗೆಸಿ ಜೋಳ ಹಂಚಿದವರು. ಊರ ಮುಂದಿನ ಬಾವಿಯಲ್ಲಿ ಎಲ್ಲ ಕೇರಿಯವರೂ ನೀರು ಸೇದಲಿ ಎಂದು ತಾವೇ ಮುಂದೆ ನಿಂತವರು. ಪ್ರತಿ ವರ್ಷ ಅವರ ಪುಣ್ಯತಿಥಿಗೆ ಭಾಷಣ ಮಾಡುತ್ತಿದ್ದವಳು ನಾನೇ. ಅದರಲ್ಲಿ ಒಂದು ಮಾತನ್ನೂ ಸುಳ್ಳು ಹೇಳಿದ್ದೆನೆಂದು ಈಗಲೂ ಅನ್ನಿಸುವುದಿಲ್ಲ.

ಮಳೆಗಾಲ ಮುಗಿಯುತ್ತ ಬಂದಾಗ ಒಂದು ಮಧ್ಯಾಹ್ನ ದೇಸಾಯರ ಮರಿಮಗ ರಾಜಶೇಖರ ಅವರು ಬಂದು ಆ ಕೆಂಪು ಗಂಟನ್ನು ನನ್ನ ಮೇಜಿನ ಮೇಲಿಟ್ಟರು. ಅವರು ಬಾಗಲಕೋಟೆಯಲ್ಲಿ ವಕೀಲರು; ಮನೆತನದ ಹಳೆಯ ದೊಡ್ಡ ಮನೆ, ವಾಡೆ, ಊರಲ್ಲೇ ಇತ್ತು. ಶತಮಾನೋತ್ಸವ ಸಮಿತಿಗೆ ಅವರೇ ಅಧ್ಯಕ್ಷರು. ನಮ್ಮ ಕಡೆ ಶಿಕ್ಷಕಿಯರನ್ನು ಎಲ್ಲರೂ ಅಕ್ಕಾರ ಎಂದೇ ಕರೆಯುತ್ತಾರೆ.

"ಅಕ್ಕಾರ, ವಾಡೆದಾಗ ಒಂದು ಹಳೇ ಸಂದೂಕದಾಗ ಸಿಕ್ಕಾವು. ಎಲ್ಲಾ ಮೋಡಿ ಅಕ್ಷರ. ನಮ್ಮ ಮನ್ಯಾಗ ಓದಾವ್ರು ಯಾರೂ ಉಳಿದಿಲ್ಲ. ಸ್ಮರಣ ಸಂಚಿಕೆಗೆ ಮುತ್ತ್ಯಾನ ಚರಿತ್ರೆ ನೀವ ಬರೀಬೇಕು. ಇದರಾಗ ಏನರ ಹೊಸಾದು ಸಿಕ್ರ ಭಾಳ ಚಲೋ ಆಗ್ತೈತಿ" ಎಂದರು.

ಮೋಡಿ ಎಂದರೆ ಮರಾಠಿಯನ್ನು ಓಡುಗೈಯಲ್ಲಿ ಬರೆಯುತ್ತಿದ್ದ ಹಳೆಯ ಲಿಪಿ. ನಮ್ಮ ಭಾಗದ ಹಳೆಯ ಮನೆಗಳ ಕಾಗದಗಳೆಲ್ಲ ಬಹುಮಟ್ಟಿಗೆ ಅದರಲ್ಲೇ ಇವೆ. ನನಗೂ ಅದು ಬರುತ್ತಿರಲಿಲ್ಲ. ವಿಚಾರಿಸಿದಾಗ ಇಳಕಲ್ಲಿನ ನಬೀಸಾಬರ ಹೆಸರು ಹೇಳಿದರು. ಅವರು ಕೋರ್ಟಿನಲ್ಲಿ ನಕಲು ಬರೆಯುವ ಕೆಲಸ ಮಾಡಿ ನಿವೃತ್ತರಾದವರು. ಮೋಡಿಯನ್ನು ಅಜ್ಜನಿಂದ ಕಲಿತಿದ್ದರು. ನಾನು ಪ್ರತಿ ರವಿವಾರ ಗಂಟನ್ನು ಚೀಲದಲ್ಲಿಟ್ಟುಕೊಂಡು ಅವರ ಮನೆಗೆ ಹೋಗತೊಡಗಿದೆ.

ಆ ವರ್ಷ ಹಸ್ತಾ, ಚಿತ್ತಾ ಎರಡೂ ಮಳೆ ಹದವಾಗಿ ಬಿದ್ದಿದ್ದವು. ರಸ್ತೆಯ ಎರಡೂ ಬದಿಗೆ ಎರೆಹೊಲಗಳಲ್ಲಿ ಬಿಳಿಜೋಳ ಬಿತ್ತುತ್ತಿದ್ದರು. ಬಸ್ಸು ಹತ್ತುವವರ ಚಪ್ಪಲಿಯೊಡನೆ ಕಪ್ಪು ಮಣ್ಣೂ ಹತ್ತಿ ಬರುತ್ತಿತ್ತು. ನಬೀಸಾಬರ ಪಕ್ಕದ ಮನೆಯಲ್ಲಿ ಮಗ್ಗದ ಸಪ್ಪಳ. ಅದರ ನಡುವೆಯೇ ಅವರು ಓದುತ್ತಿದ್ದರು, ನಾನು ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೆ. ಅವರ ಹೆಂಡತಿ ಚುರುಮುರಿ ಸೂಸಲ, ಚಹಾ ತಂದಿಟ್ಟು ಹೋಗುತ್ತಿದ್ದರು. ಮೊದಲ ಮೂರು ವಾರ ಹೊಲದ ಗಡಿ, ಬಾವಿಯ ತಕರಾರು, ಶಾಲೆಗೆ ಜಾಗ ಬಿಟ್ಟುಕೊಟ್ಟ ಪತ್ರ, ಇಂಥವೇ ಬಂದವು. ಶಾಲೆಯ ಪತ್ರ ಸಿಕ್ಕ ದಿನ ನನಗೆ ಬಹಳ ಸಂತೋಷವಾಗಿತ್ತು.

ನಾಲ್ಕನೆಯ ರವಿವಾರ ಒಂದು ಉದ್ದನೆಯ ಕಾಗದ ಬಿಚ್ಚಿದೆವು. ದೇಸಾಯರ ಮಗಳು ಗಂಗಾಬಾಯಿಯನ್ನು ಕೆರೂರಿನ ಒಂದು ಮನೆಗೆ ಮದುವೆ ಮಾಡಿಕೊಟ್ಟಾಗ ಜೊತೆಗೆ ಕಳಿಸಿದ ಬಳುವಳಿಯ ಪಟ್ಟಿ ಅದು. ತಾಮ್ರದ ಹಂಡೆ, ಹಿತ್ತಾಳೆಯ ದೀಪದ ಸಮೆ, ಜಮಖಾನೆ, ಕರು ಹಾಕಿದ ಆಕಳು. ಅಲ್ಲಿಗೆ ನಬೀಸಾಬರು ನಿಲ್ಲಿಸಿ ಕನ್ನಡಕ ತೆಗೆದು ಒರೆಸಿದರು.

"ಅಕ್ಕಾರ, ಮುಂದಿಂದು ಓದಲ್ಯೋ ಬ್ಯಾಡೋ?"

"ಯಾಕ್ರಿ?"

"ಆಕಳ ಕೆಳಗ ಒಂದು ಹುಡುಗಿ ಐತ್ರಿ."

ಓದಿದರು. ಫಕೀರಿ, ವಯಸ್ಸು ಸುಮಾರು ಒಂಬತ್ತು. ಅವಳೂ, ಮುಂದೆ ಅವಳಿಗೆ ಹುಟ್ಟುವ ಮಕ್ಕಳೂ ಆ ಮನೆಯವರೇ. ಕೆಳಗೆ ದೇಸಾಯರ ಸಹಿ. ಶಾಲೆ ತೆರೆದು ಎರಡು ವರ್ಷವಾದ ಮೇಲಿನ ಕಾಗದ.

ನಬೀಸಾಬರು ಕಾಗದವನ್ನು ಬೆಳಕಿಗೆ ಹಿಡಿದರು. "ಇಲ್ಲಿ ನೋಡ್ರಿ. ಹೆಸರಿನ ಮುಂದ ಮೊದಲು ಬಟೀಕ ಅಂತ ಬರದಾರ. ಬಟೀಕ ಅಂದ್ರ ಕೊಂಡು ತಂದ ಹೆಣ್ಣಾಳು, ಗುಲಾಮ ಅಂತೀವಲ್ಲ ಹಂಗ. ಆ ಶಬ್ದಕ್ಕ ಗೆರಿ ಹೊಡದು ಮ್ಯಾಲ ಘರಚಿ ಮುಲ್ಗಿ ಅಂತ ಬರದಾರ. ಮನಿ ಹುಡುಗಿ."

"ಗೆರಿ ಹೊಡದವ್ರು ಯಾರ್ರಿ?"

"ಕಾಗದ ಬರದಾವನ ಶಾಯಿ ಕರೇದು. ಗೆರಿ, ಮ್ಯಾಲಿನ ಅಕ್ಷರ, ಕೆಳಗಿನ ಸಹಿ, ಮೂರೂ ನೀಲಿ. ಮೂರೂ ಒಂದ ಕೈ."

ಅಂದು ಬಸ್ಸಿನಲ್ಲಿ ಹುನಗುಂದಕ್ಕೆ ಮರಳುವಾಗ ನಾನು ಹುಡುಗಿಯ ಬಗ್ಗೆ ಯೋಚಿಸಲಿಲ್ಲ. ಇದನ್ನು ಹೇಗೆ ಬರೆಯುವುದು ಎಂದಷ್ಟೇ ಯೋಚಿಸಿದೆ. ಮನುಷ್ಯರನ್ನು ಹಾಗೆ ಇಟ್ಟುಕೊಳ್ಳಬಾರದೆಂಬ ಕಾನೂನು ದೇಸಾಯರು ಹುಟ್ಟುವ ಮೊದಲೇ ಬಂದಿತ್ತೆಂದು ತರಗತಿಯಲ್ಲಿ ನಾನೇ ಪಾಠ ಮಾಡಿದ್ದೆ. ಆ ವಾಡೆಯಲ್ಲಿ ದಿನಾ ಸಂಜೆ ಶರಣರ ವಚನಗಳನ್ನು ಹೇಳುತ್ತಿದ್ದರು ಎಂಬುದೂ ನನ್ನ ಭಾಷಣದಲ್ಲಿ ಪ್ರತಿ ವರ್ಷ ಬರುತ್ತಿತ್ತು. ಆದರೂ ಇದ್ದದ್ದನ್ನು ಇದ್ದಂತೆ ಬರೆಯಲು ಕೈ ಒಪ್ಪಲಿಲ್ಲ. ಕಡೆಗೆ ಒಂದು ವಾಕ್ಯ ಮಾಡಿದೆ: ಅಂದಿನ ರೂಢಿಯಂತೆ, ಆ ಕಾಲದಲ್ಲಿ ಯಾರಿಗೂ ತಪ್ಪೆನಿಸದ ಪದ್ಧತಿಯಂತೆ, ಮಗಳೊಡನೆ ಒಬ್ಬ ಪರಿಚಾರಿಕೆಯನ್ನೂ ಕಳಿಸಿಕೊಟ್ಟರು. ಬರೆದು ಓದಿಕೊಂಡೆ. ವಾಕ್ಯ ಚೆನ್ನಾಗಿ ಬಂದಿದೆ ಎನ್ನಿಸಿತು.

ಹಾಗೆ ಬರೆದದ್ದಕ್ಕೆ ದೇಸಾಯರ ಮೇಲಿನ ಗೌರವ ಒಂದೇ ಕಾರಣವಲ್ಲ. ನನ್ನ ತವರಿನಲ್ಲೂ, ನಾನು ಚಿಕ್ಕವಳಿದ್ದಾಗ, ಹಿತ್ತಲ ಕೋಣೆಯಲ್ಲಿ ಮಲಗುತ್ತಿದ್ದ ಒಬ್ಬ ಮುದುಕಿ ಇದ್ದಳು. ನಮ್ಮನ್ನೆಲ್ಲ ನೀರೆರೆದು ಬೆಳೆಸಿದವಳು. ಅವಳು ಎಲ್ಲಿಂದ ಬಂದವಳು, ಅವಳಿಗೆ ಯಾರಿದ್ದಾರೆ ಎಂದು ನಮ್ಮ ಮನೆಯಲ್ಲಿ ಯಾರೂ ಕೇಳಿದ್ದು ನೆನಪಿಲ್ಲ. ನಾನಂತೂ ಕೇಳಿರಲಿಲ್ಲ.

ದೀಪಾವಳಿ ಸೂಟಿ ಮುಗಿದ ಮೇಲೆ ರಾಜಶೇಖರ ಅವರು ಶಾಲೆಗೆ ಬಂದು, ವರಾಂಡದಲ್ಲಿ ಕುಳಿತು, ನಾನು ಬರೆದದ್ದನ್ನೆಲ್ಲ ಓದಿದರು. ಆ ವಾಕ್ಯದ ಮೇಲೆ ಬೆರಳಿಟ್ಟರು.

"ಇದು ಬ್ಯಾಡ್ರಿ ಅಕ್ಕಾರ."

"ಖರೆ ಐತಲ್ರಿ."

"ಖರೆ ಇರಬಹುದು. ನೂರು ವರ್ಷದ ಹಿಂದಿನ ಮನುಷ್ಯಾನ್ನ ಇವತ್ತಿನ ತಕ್ಕಡಿಯಾಗ ತೂಗೂದು ನ್ಯಾಯ ಅಲ್ಲ. ಅವಾಗ ಎಲ್ಲಾ ವಾಡೆದಾಗೂ ಹಂಗ ಇತ್ತು. ಸಾಲಿ ಕಟ್ಟಿಸಲಾರದವ್ರ ಕಾಗದ ಯಾರೂ ಹುಡುಕಿ ಓದೂದಿಲ್ಲ. ಕಟ್ಟಿಸಿದವ್ರದಷ್ಟ ಓದತೇವಿ, ಅವ್ರನ್ನಷ್ಟ ಬೈತೇವಿ."

ಆ ಮಾತನ್ನು ತಳ್ಳಿಹಾಕಲು ನನಗೆ ಆಗಲಿಲ್ಲ. ಇವತ್ತಿಗೂ ಆಗುವುದಿಲ್ಲ. ಅವರು ಏಳುತ್ತ ಇನ್ನೊಂದು ಮಾತು ಹೇಳಿದರು: "ಆ ಹುಡುಗಿ ಅಲ್ಲಿ ಸುಖದಾಗೂ ಇದ್ದಿರಬಹುದು. ನಿಮಗೇನ ಗೊತ್ತು, ನನಗೇನ ಗೊತ್ತು?"

ಗೊತ್ತಿರಲಿಲ್ಲ, ಅದು ನಿಜ. ಮುಂದಿನ ರವಿವಾರ ಇಳಕಲ್ಲಿಗೆ ಹೋಗುವ ಬದಲು ಬಾಗಲಕೋಟೆಗೆ ಹೋಗಿ, ಹುಬ್ಬಳ್ಳಿ ಬಸ್ಸು ಹಿಡಿದು ಕೆರೂರಿನಲ್ಲಿ ಇಳಿದೆ.

ಗಂಗಾಬಾಯಿಯ ಗಂಡನ ಮನೆ ಪಾಲಾಗಿ ಮೂರು ಮನೆಯಾಗಿತ್ತು. ಒಂದರ ಕಟ್ಟೆಯ ಮೇಲೆ ಕುಳಿತಿದ್ದ ಮುದುಕರೊಬ್ಬರಿಗೆ ಹೆಸರು ಹೇಳಿದೆ. ಅವರು ತಡಮಾಡದೆ, "ಫಕೀರಿ? ಆಕಿ ಓಡಿ ಹೋದಾಕಿ. ನಮ್ಮ ಅಪ್ಪ ಹೇಳ್ತಿದ್ದ" ಎಂದರು. ನೂರು ವರ್ಷದ ಹಿಂದೆ ಬಂದ ಹುಡುಗಿಯನ್ನು ಆ ಮನೆಯವರು ನೆನಪಿಟ್ಟಿದ್ದು ಅದೊಂದೇ ಕಾರಣಕ್ಕೆ. ಅವಳ ಮೊಮ್ಮಗಳು ನೀಲವ್ವ ಕುಳಗೇರಿ ಕ್ರಾಸಿನಲ್ಲಿ ಖಾನಾವಳಿ ನಡೆಸುತ್ತಾಳೆ ಎಂದು ಹೇಳಿದವರೂ ಅವರೇ.

ಕ್ರಾಸಿನಲ್ಲಿ ಬಸ್ಸು ಇಳಿದರೆ ಎದುರಿಗೇ ಆ ಖಾನಾವಳಿ. ತಗಡಿನ ಮಾಡು, ನಾಲ್ಕು ಟೇಬಲ್ಲು, ಹೊರಗೆ ನಿಂತ ಲಾರಿಗಳು. ಅರವತ್ತರ ಹತ್ತಿರದ ಹೆಂಗಸು ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದರು. ನಾನು ಉಂಡು, ಮಂದಿ ಕಡಿಮೆಯಾಗುವ ತನಕ ಕಾದು, ಹತ್ತಿರ ಹೋಗಿ ಎಲ್ಲಿಂದ ಬಂದೆ, ಯಾಕೆ ಬಂದೆ ಎಂದು ಹೇಳಿದೆ. ಕಾಗದದ ವಿಷಯವನ್ನೂ ಹೇಳಿದೆ. ನೀಲವ್ವ ಕೈ ನಿಲ್ಲಿಸಲಿಲ್ಲ.

"ಆಯಿ ಸತ್ತಾಗ ನನಗ ಮಕ್ಕಳಾಗಿದ್ದುವ್ರಿ. ಎಲ್ಲಾ ಹೇಳ್ಯಾಳ" ಎಂದರು. ಅಜ್ಜಿಯನ್ನು ಅವರು ಆಯಿ ಎನ್ನುತ್ತಿದ್ದರು.

ಅವರು ಹೇಳಿದ್ದು ಹೀಗೆ. ಫಕೀರವ್ವನ ತಂದೆತಾಯಿ ಬರದಲ್ಲಿ ಸತ್ತಿದ್ದರು. ಹಸಿದ ಕೂಸನ್ನು ಯಾರೋ ತಂದು ದೇಸಾಯರ ವಾಡೆಗೆ ಒಪ್ಪಿಸಿ, ಪ್ರತಿಯಾಗಿ ಕಾಳು ತೆಗೆದುಕೊಂಡು ಹೋದರು. ಅಲ್ಲೇ ಬೆಳೆದಳು. ಶಾಲೆ ತೆರೆದಾಗ ಗಂಗಾಬಾಯಿಯ ಪಾಟಿ ಚೀಲ ಹೊತ್ತು ದಿನಾ ಹೋಗುವುದು ಅವಳ ಕೆಲಸ. ಒಳಗೆ ಪಾಠ ನಡೆದಿರುವಾಗ ಹೊರಗೆ ಕಟ್ಟೆಯ ಮೇಲೆ ಕುಳಿತಿರುತ್ತಿದ್ದಳು.

"ಹನ್ನೆರಡರ ಮಗ್ಗಿ ತನಕ ಆಯಿಗೆ ಬಾಯಿಲೆ ಬರ್ತಿತ್ತು. ಅಕ್ಷರ ಒಂದೂ ಬರ್ಲಿಲ್ಲ. ಮಗ್ಗಿ ಹೊರಗ ಕುಂತ್ರೂ ಕಿವಿಗಿ ಬೀಳ್ತಾವು. ಅಕ್ಷರ ಬೀಳಂಗಿಲ್ಲಲ್ರಿ."

"ದೇಸಾಯರ ಬಗ್ಗೆ ಏನಂತಿದ್ರು?"

"ಕೆಟ್ಟವ್ರು ಅಂತ ಎಂದೂ ಅನ್ಲಿಲ್ಲ. ಅವರ ಜ್ವಾಳ ತಿಂದು ಬದಕೇನಿ ಅಂತಿದ್ಲು. ಸಾಲಿ ಮಾತು ಬಂದ್ರ ಅಷ್ಟ ಸುಮ್ಮನ ಆಗ್ತಿದ್ಲು."

ಕೆರೂರಿನಲ್ಲಿ ಫಕೀರವ್ವನಿಗೆ ಒಂದು ಹೆಣ್ಣು ಮಗುವಾಯಿತು, ನೀಲವ್ವನ ತಾಯಿ. "ನಮ್ಮವ್ವನ ಅಪ್ಪ ಯಾರಂತ ಆಯಿ ಹೇಳಲಿಲ್ಲ. ನಾವೂ ಕೇಳಲಿಲ್ಲ" ಎಂದು ನೀಲವ್ವ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದರು. ಆ ಹುಡುಗಿಗೆ ಏಳು ವರ್ಷವಾದಾಗ ಗಂಗಾಬಾಯಿಯ ಮಗಳನ್ನು ಬಾದಾಮಿ ಕಡೆಗೆ ಮದುವೆ ಮಾಡಿಕೊಟ್ಟರು. ಫಕೀರವ್ವನ ಮಗಳೂ ಜೊತೆಗೆ ಹೋಗಲಿ ಎಂದು ಮನೆಯ ಹಿರಿಯರು ಗೊತ್ತು ಮಾಡಿದರು. ಮರುದಿನ ಬೆಳಿಗ್ಗೆ ಫಕೀರವ್ವ ನೀರಿಗೆಂದು ಕೊಡ ತೆಗೆದುಕೊಂಡು ಮಗಳ ಕೈ ಹಿಡಿದು ಹೊರಟಳು. ಬಾವಿಯ ಕಟ್ಟೆಯ ಮೇಲೆ ಕೊಡ ಇಟ್ಟು, ದಾರಿ ಹಿಡಿದು ನಡೆದೇ ಕುಳಗೇರಿಗೆ ಬಂದಳು. ಅಲ್ಲಿ ರಸ್ತೆ ಮಾಡುವ ಮಂದಿಯ ಜೊತೆ ಸೇರಿ ಕಲ್ಲು ಒಡೆಯತೊಡಗಿದಳು. ಎಂಟು ದಿನಕ್ಕೆ ಕೆರೂರಿನಿಂದ ಇಬ್ಬರು ಗಂಡಾಳುಗಳು ಹುಡುಕಿಕೊಂಡು ಬಂದರು.

"ನಿಮ್ಮ ಆಯಿ ಏನಂದ್ರು?"

"ಕೊಡಾ ಬಾವಿಕಟ್ಟಿ ಮ್ಯಾಲ ಐತಿ, ಒಯ್ರಿ. ನಿಮ್ಮದು ಅಂತ ನನ್ನ ಹತ್ರ ಇನ್ನೇನೂ ಇಲ್ಲ ಅಂದ್ಲಂತ. ಕೈಯಾಗ ಕಲ್ಲು ಒಡಿಯೂ ಸುತ್ತಿಗಿ ಇತ್ತು. ಸುತ್ತ ಕೆಲಸದ ಮಂದಿ ಇದ್ರು. ಬಂದವ್ರು ತಿರುಗಿ ಹೋದ್ರು."

ಆಮೇಲೆ ನೀಲವ್ವ, ನೀವೇನು ಬರೆದಿದ್ದೀರಿ ಎಂದು ಕೇಳಿದರು. ಹಾಳೆ ಚೀಲದಲ್ಲೇ ಇತ್ತು. ಅವರು ಏಳನೆಯ ತರಗತಿ ಓದಿದವರು. ಆದರೂ ಕೈ ಹಿಟ್ಟಾಗಿದೆ, ನೀವೇ ಓದಿ ಎಂದರು. ಓದಿದೆ. ಅಲ್ಲಿಯ ತನಕ ನಿಲ್ಲದ ಅವರ ಕೈ ಆಗ ನಿಂತಿತು.

"ಯಾರಿಗೂ ತಪ್ಪೆನಿಸದ. ಇದನ್ನ ಯಾರನ್ನ ಕೇಳಿ ಬರದ್ರಿ?"

"ಆ ಕಾಲ ಹಂಗ ಇತ್ತು ಅಂತಾರಲ್ರಿ, ಅದಕ್ಕ."

"ನಮ್ಮ ಆಯಿನೂ ಆ ಕಾಲದಾಕಿನ ಅಲ್ರಿ? ಆಕಿಗಿ ತಪ್ಪು ಅನಸಿತ್ತು. ಅನಸಿದ್ದಕ್ಕ ಕೊಡಾ ಇಟ್ಟು ಬಂದ್ಲು. ದೇಸಾಯರ ಬಗ್ಗೆ ನೀವು ಏನರ ಬರೀರಿ, ದೇವ್ರು ಅಂತ ಬೇಕಾದ್ರ ಬರೀರಿ. ಯಾರಿಗೂ ಅನಸಿರಲಿಲ್ಲ ಅಂತ ಮಾತ್ರ ಬರೀಬ್ಯಾಡ್ರಿ."

ಸಿಟ್ಟಿನಿಂದ ಹೇಳಿದ ಮಾತಲ್ಲ. ನನ್ನ ತಟ್ಟೆಗೆ ಹೆಚ್ಚು ಪಲ್ಯ ಹಾಕಲೇ ಎಂದು ಮೊದಲು ಕೇಳಿದ ದನಿಯಲ್ಲೇ ಹೇಳಿದರು. ನಾನು ಮೂವತ್ತು ವರ್ಷ ಇತಿಹಾಸ ಕಲಿಸಿದ್ದೆ. ಆ ಕಾಲ ಎಂದಾಗಲೆಲ್ಲ ಕಾಗದಕ್ಕೆ ಸಹಿ ಮಾಡಿದವರ ಕಾಲ ಎಂದೇ ನನ್ನ ತಲೆಯಲ್ಲಿತ್ತು. ಕಾಗದದಲ್ಲಿ ಆಕಳ ಕೆಳಗೆ ಹೆಸರಿದ್ದವರೂ ಅದೇ ಕಾಲದಲ್ಲಿ ಬದುಕಿದ್ದರು, ಅವರಿಗೂ ಸರಿತಪ್ಪುಗಳ ಅಭಿಪ್ರಾಯವಿತ್ತು ಎಂಬುದು ಹೊಳೆದಿರಲಿಲ್ಲ. ಬಸ್ಸಿನಲ್ಲೇ ಪೆನ್ನು ತೆಗೆದು ಆ ವಾಕ್ಯ ಹೊಡೆದುಹಾಕಿದೆ.

ಮಾರನೆಯ ವಾರ ಬಳುವಳಿಯ ಕಾಗದವನ್ನೂ ಒಂದು ಭೂತಗನ್ನಡಿಯನ್ನೂ ತೆಗೆದುಕೊಂಡು ರಾಜಶೇಖರ ಅವರ ಆಫೀಸಿಗೆ ಹೋದೆ. ಹೊಡೆದ ಶಬ್ದ ತೋರಿಸಿ ನಬೀಸಾಬರು ಹೇಳಿದ್ದನ್ನು ಹೇಳಿದೆ. ಅವರು ದಾವೆಯ ಕಾಗದ ನೋಡುವ ಹಾಗೆ ಸಾವಕಾಶ ನೋಡಿದರು. ಗೆರೆ ನೋಡಿ, ಸಹಿ ನೋಡಿ, ಮತ್ತೆ ಗೆರೆ ನೋಡಿದರು.

"ಗೊತ್ತಿತ್ತು ಅವ್ರಿಗೆ" ಎಂದರು. "ಗೊತ್ತಿರಲಾರದವ ಶಬ್ದ ತಿದ್ದೂದಿಲ್ಲ."

ನಾನು ಫಕೀರವ್ವನ ಕಥೆ ಹೇಳಿದೆ. ಮುಗಿದ ಮೇಲೆ ಅವರು ಒಂದೇ ಪ್ರಶ್ನೆ ಕೇಳಿದರು: "ಮಗ್ಗಿ ಎಷ್ಟರ ತನಕ ಬರ್ತಿತ್ತು ಅಂದ್ರಿ?"

ಹದಿನೈದು ದಿನ ಏನೂ ಸುದ್ದಿ ಬರಲಿಲ್ಲ. ಹೊಲಗಳಲ್ಲಿ ಜೋಳ ಎದೆಯೆತ್ತರ ಬಂದಿತ್ತು, ಮುಂಜಾನೆ ಚಳಿ ಬೀಳತೊಡಗಿತ್ತು. ಮುಖ್ಯೋಪಾಧ್ಯಾಯರು ದಿನಕ್ಕೊಮ್ಮೆ, "ರಿಟೈರ್ ಆಗೂ ಹೊತ್ತಿಗೆ ನಿಮಗ್ಯಾಕ ಬೇಕಾಗಿತ್ರಿ ಇದು" ಎನ್ನುತ್ತಿದ್ದರು. ಒಂದು ದಿನ ರಾಜಶೇಖರ ಅವರೇ ಫೋನ್ ಮಾಡಿದರು.

"ಬರೀರಿ ಅಕ್ಕಾರ. ಕಾಗದದಾಗ ಇದ್ದದ್ದು ಬರೀರಿ, ಆ ಖಾನಾವಳಿ ಬಾಯಾರು ಹೇಳಿದ್ದು ಬರೀರಿ. ಮ್ಯಾಲ ನಿಮ್ಮದೊಂದು ಶಬ್ದ ಹಾಕಬ್ಯಾಡ್ರಿ. ಚಲೋನೂ ಬ್ಯಾಡ, ಕೆಟ್ಟದ್ದೂ ಬ್ಯಾಡ."

ಹಾಗೆಯೇ ಬರೆದೆ. ಶಾಲೆ, ಹಗೇವು, ಬಾವಿ ಎಲ್ಲ ಮೊದಲಿದ್ದಂತೆಯೇ ಇದ್ದವು. ಕಡೆಗೆ ಎರಡು ಪ್ಯಾರಾ ಸೇರಿದವು. ಸಂಚಿಕೆ ಅಚ್ಚಾಗಿ ಬಂದಾಗ ಊರಲ್ಲಿ ಮಾತಾಯಿತು. ವಾಡೆಯ ಹಿರಿಯ ಸೊಸೆ ನನ್ನೊಡನೆ ಮಾತು ಬಿಟ್ಟರು, ನಾನು ಆ ಊರು ಬಿಡುವ ತನಕ ಆಡಲಿಲ್ಲ. ಸಮಿತಿಯ ಒಬ್ಬರು ತಮಗೆ ಬಂದ ಪ್ರತಿಯಿಂದ ಆ ಹಾಳೆ ಹರಿದು ಉಳಿದದ್ದನ್ನು ಇಟ್ಟುಕೊಂಡರಂತೆ. ಉತ್ಸವದ ದಿನ ಆರು ಜನ ಭಾಷಣ ಮಾಡಿದರು. ಆರೂ ಜನ ಹಗೇವಿನ ಜೋಳದ ಬಗ್ಗೆ ಮಾತಾಡಿದರು. ಫಕೀರವ್ವನ ಹೆಸರನ್ನು ಯಾರೂ ಎತ್ತಲಿಲ್ಲ.

ನೀಲವ್ವನನ್ನು ವೇದಿಕೆಗೆ ಕರೆದು ಶಾಲು ಹೊದಿಸಿ ಸತ್ಕಾರ ಮಾಡಬೇಕೆಂಬುದು ರಾಜಶೇಖರ ಅವರ ಆಸೆಯಾಗಿತ್ತು. ಅದನ್ನು ಹೇಳಲು ನಾನೇ ಕುಳಗೇರಿ ಕ್ರಾಸಿಗೆ ಹೋಗಿದ್ದೆ. ಅವರು ಒಪ್ಪಲಿಲ್ಲ.

"ಶಾಲು ಹೊಚ್ಚಿಕೊಂಡ್ರ ಮಾಫ್ ಮಾಡಿದಂಗ ಆಗ್ತೈತಿ. ಮಾಫ್ ಮಾಡೂದು ಬಿಡೂದು ಆಯಿದು, ನಂದಲ್ಲ. ಆಕಿ ಹೇಳಿ ಹೋಗಿಲ್ಲ."

ಆದರೆ ಉತ್ಸವ ಮುಗಿದು ಮೂರು ವಾರಕ್ಕೆ, ಮಂಟಪದ ಬಿದಿರು ಇನ್ನೂ ಅಂಗಳದಲ್ಲಿ ಬಿದ್ದಿದ್ದಾಗ, ಹೇಳದೆ ಕೇಳದೆ ಬಂದರು. ಒಂದು ಸಾದಾ ಬುಧವಾರ. ತರಗತಿಗಳು ನಡೆದಿದ್ದವು. ಮೊದಲ ವರ್ಷದ ಹುಡುಗಿಯರ ಹೆಸರು ಬರೆದ ಪುಸ್ತಕ ಇದ್ದರೆ ನೋಡಬೇಕು ಎಂದರು. ಅಷ್ಟು ದೂರ ಬಂದದ್ದು ಅದಕ್ಕೇ.

ಮುಖ್ಯೋಪಾಧ್ಯಾಯರ ಕೋಣೆಯ ಕಪಾಟಿನಿಂದ ಹಾಜರಿ ಪುಸ್ತಕ ತೆಗೆಸಿದೆ. ಅದು ಕನ್ನಡದಲ್ಲೇ ಇತ್ತು. ನೀಲವ್ವ ಕನ್ನಡಕ ಹಾಕಿಕೊಂಡು, ಸೆರಗಿನಿಂದ ಕೈ ಒರೆಸಿಕೊಂಡು, ಒಂದೊಂದೇ ಹೆಸರಿನ ಮೇಲೆ ಬೆರಳಿಟ್ಟು ಓದಿದರು. ಮೊದಲ ಹೆಸರು ಗಂಗಾಬಾಯಿಯದು. ಮೊದಲ ಹಾಳೆ ಓದಿದರು, ಎರಡನೆಯ ವರ್ಷದ ಹಾಳೆಯನ್ನೂ ಓದಿದರು. ಆ ಹೆಸರು ಇರುವುದಿಲ್ಲವೆಂದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿದ್ದಿರಬೇಕು. ಆದರೆ ಒಂದು ಹೆಸರನ್ನೂ ಬಿಡದೆ ಕಡೆಯ ತನಕ ಓದಿದರು.

"ಇಲ್ಲ ಬಿಡ್ರಿ" ಎಂದು ಪುಸ್ತಕ ಮುಚ್ಚಿದರು.

ಎದ್ದಾಗ ಗೋಡೆಯ ಮೇಲೆ ದೇಸಾಯರ ದೊಡ್ಡ ಫೋಟೋ ಕಂಡಿತು. ರುಮಾಲು, ಕುರ್ಚಿ, ಮೊಣಕಾಲ ಮೇಲೆ ಎರಡೂ ಕೈ. ಆ ಕೋಣೆಗೆ ಬಂದವರೆಲ್ಲ ಅದಕ್ಕೆ ಕೈ ಮುಗಿಯುವುದು ರೂಢಿ, ಬಿಲ್ಲು ತೋರಿಸಲು ಬಂದ ಅಂಗಡಿಯವನೂ ಮುಗಿಯುತ್ತಾನೆ. ನೀಲವ್ವ ಮುಗಿಯಲಿಲ್ಲ. ಮುಖ ತಿರುಗಿಸಲೂ ಇಲ್ಲ. ಪರಿಚಯದವರ ಮದುವೆಯ ಫೋಟೋ ನೋಡುವ ಹಾಗೆ ಹತ್ತಿರ ಹೋಗಿ ನೋಡಿದರು.

"ಭಾಳ ಎತ್ತರ ಇದ್ರು ಅಂತಿದ್ಲು ಆಯಿ. ಕುಂತಾರಲ್ಲ, ಗೊತ್ತಾಗವಲ್ದು" ಎಂದರು.

ಚಹಾ ತರಿಸುತ್ತೇನೆ ಎಂದೆ. ಬೇಡವೆಂದರು. "ಬರ್ತೇನ್ರಿ ಅಕ್ಕಾರ. ಮೂರರ ಬಸ್ಸಿಗೆ ಹ್ವಾದ್ರ ಸಂಜಿ ರೊಟ್ಟಿಗೆ ಮುಟ್ಟತೇನಿ." ಚಪ್ಪಲಿ ಮೆಟ್ಟಿ ವರಾಂಡ ದಾಟಿ ಹೋದರು. ಪಕ್ಕದ ತರಗತಿಯ ಬಾಗಿಲಲ್ಲಿ ಒಂದು ಗಳಿಗೆ ನಿಂತು ಒಳಗೆ ನೋಡಿದರು. ಯಾರೋ ಪೋಷಕರು ಬಂದಿದ್ದಾರೆಂದು ತಿಳಿದು ಹುಡುಗಿಯರೆಲ್ಲ ಎದ್ದು ನಿಂತರು.